ಇಂಗ್ಲೆಂಡಿನ ಮನೆ ಮಾಲೀಕರು ಬಾಡಿಗೆಯ ಸಹವಾಸ ಬಿಡುತ್ತಿದ್ದಾರಾ?

ಪರ: ಗಿಟ್ಟದ ಮೇಲೆ ಇಟ್ಟುಕೊಂಡು ಏನು ಮಾಡ್ತಾರೆ?

ಬಾಡಿಗೆ ಮನೆ ಮಾಲೀಕ ಅಂದರೆ ಸಾಲು ಕಟ್ಟಡಗಳ ಧಣಿ ಕಣ್ಣಮುಂದೆ ಬರುತ್ತಾನೆ. ಇಂಗ್ಲೆಂಡಿನಲ್ಲಿ ಹತ್ತರಲ್ಲಿ ನಾಲ್ಕಕ್ಕಿಂತ ಹೆಚ್ಚು ಮಾಲೀಕರಿಗೆ ಬಾಡಿಗೆಗೆ ಕೊಡಲು ಇರುವುದು ಒಂದೇ ಮನೆ. ಈಗ ಲೆಕ್ಕ ತಪ್ಪಿರುವುದು ಇಂಥವರದೇ.

ವರ್ಷಕ್ಕೆ 12,000 ಪೌಂಡ್ ಬಾಡಿಗೆ ಬಂದು, ಅದರಲ್ಲಿ 9,000 ಸಾಲದ ಬಡ್ಡಿಗೇ ಹೋಗುತ್ತದೆ ಅಂತಿಟ್ಟುಕೊಳ್ಳಿ. ಮಾಲೀಕರು ಶೇ. 40 ತೆರಿಗೆ ಕಟ್ಟುವವರು. ಮೊದಲು ಬಡ್ಡಿ ಕಳೆದು ಉಳಿದ 3,000ಕ್ಕೆ ಮಾತ್ರ ತೆರಿಗೆ ಇತ್ತು. 1,200 ಕಟ್ಟಿದರೆ 1,800 ಕೈಯಲ್ಲಿ ಉಳಿಯುತ್ತಿತ್ತು. 2017ರಿಂದ ಈ ಅನುಕೂಲ ಹಂತ ಹಂತವಾಗಿ ಹೋಯಿತು. 2020ರ ಏಪ್ರಿಲ್‌ನಿಂದ ಪೂರ್ತಿ 12,000ಕ್ಕೆ ತೆರಿಗೆ ಹಾಕಿ, ಬಡ್ಡಿಯ ಶೇ. 20ರಷ್ಟನ್ನು ಮಾತ್ರ ಅದರಲ್ಲಿ ಬಿಡುತ್ತಾರೆ. 4,800ರಲ್ಲಿ 1,800 ಕಳೆದರೆ ಕಟ್ಟಬೇಕಾದ್ದು 3,000. ಕೈಗೆ ಸೊನ್ನೆ! ಇನ್ನು ನಲ್ಲಿ ಸೋರಿದರೆ ಜೇಬಿಗೇ ಕೈ ಹಾಕಬೇಕು.

ಅದರ ಮೇಲೆ ಅಲ್ಲಿನ ಕೇಂದ್ರ ಬ್ಯಾಂಕಾದ ಬ್ಯಾಂಕ್ ಆಫ್ ಇಂಗ್ಲೆಂಡ್‌ನ ಬಡ್ಡಿ ದರ. 2021ರ ಡಿಸೆಂಬರ್ ಮಧ್ಯದವರೆಗೆ ಶೇ. 0.1 ಇದ್ದದ್ದು 2023ರ ಆಗಸ್ಟ್ ಹೊತ್ತಿಗೆ ಶೇ. 5.25 ಆಯಿತು. ಬಿಟ್ಟವರ ಜಾಗಕ್ಕೆ ಹೊಸಬರು ಬರಲಿ ಅಂದರೆ, ಎರಡನೇ ಮನೆ ಕೊಳ್ಳುವವರ ಮೇಲಿನ ಹೆಚ್ಚುವರಿ ಸ್ಟಾಂಪ್ ಡ್ಯೂಟಿ 2024ರ ಅಕ್ಟೋಬರ್‌ನಲ್ಲಿ ಶೇ. 3ರಿಂದ 5ಕ್ಕೆ ಏರಿತು. ಕಾರಣ ಹೇಳದೆ ಮನೆ ಬಿಡಿಸಲು ಇದ್ದ ಸೆಕ್ಷನ್ 21ಕ್ಕೂ 2025ರ ಬಾಡಿಗೆದಾರರ ಹಕ್ಕು ಕಾಯ್ದೆ ಕೊನೆ ಹಾಡಿತು. ಒಂದೇ ಮನೆ ಇಟ್ಟುಕೊಂಡು ಕೋರ್ಟು ಅಲೆಯುವ ಬದಲು ಮಾರಿ ಕೈತೊಳೆದುಕೊಳ್ಳೋಣ ಅನ್ನಿಸುವುದು ಸಹಜ, ಅಲ್ವಾ?

ವಿರೋಧ: ಗೊಣಗುವವರೆಲ್ಲ ಹೊರಡುವುದಿಲ್ಲ

ಲೆಕ್ಕ ಸರಿಯೇ. ಆದರೆ ಅದು ಜಾಸ್ತಿ ಸಾಲ ಇರುವವರ ಲೆಕ್ಕ. ಸಾಲವೇ ಇಲ್ಲದ ಮಾಲೀಕರೂ ಬೇಕಾದಷ್ಟು ಜನ ಇದ್ದಾರೆ. ಬಡ್ಡಿ ಏರಿದರೆ ಅವರಿಗೇನು?

ಒಟ್ಟು ಸಂಖ್ಯೆ ನೋಡಿ. 2000ದ ಹೊತ್ತಿಗೆ ಇಂಗ್ಲೆಂಡಿನಲ್ಲಿ ಖಾಸಗಿ ಬಾಡಿಗೆ ಮನೆಗಳಲ್ಲಿದ್ದ ಕುಟುಂಬಗಳು ಸುಮಾರು 20 ಲಕ್ಷ. 2016-17ಕ್ಕೆ ಅದು ಸುಮಾರು 47 ಲಕ್ಷಕ್ಕೆ ಏರಿ, ದೇಶದ ಐದರಲ್ಲಿ ಒಂದು ಕುಟುಂಬದಷ್ಟಾಯಿತು. ಆಮೇಲೆ ಸ್ವಲ್ಪ ಇಳಿದು, ಮತ್ತೆ ಅಲ್ಲೇ ಆಸುಪಾಸಿನಲ್ಲಿ ನಿಂತಿದೆ. ಬೆಳವಣಿಗೆ ನಿಂತಿದೆ ಅನ್ನಿ, ಒಪ್ಪುತ್ತೇನೆ. ಗುಳೆ ಎದ್ದಿದ್ದಾರೆ ಅನ್ನಬೇಡಿ.

ಕೆಲವರು ಹೋಗಿದ್ದಲ್ಲ, ಬೋರ್ಡು ಬದಲಿಸಿದ್ದು. ಬಡ್ಡಿ ಕಳೆಯಲು ಬಿಡದ ಆ ತೆರಿಗೆ ನಿಯಮ ಕಂಪನಿಗಳಿಗೆ ಅನ್ವಯಿಸುವುದಿಲ್ಲ. ಹಾಗಾಗಿ ಸ್ವಂತ ಹೆಸರಿನ ಬದಲು ಕಂಪನಿ ಹೆಸರಿನಲ್ಲಿ ಮನೆ ಕೊಳ್ಳುತ್ತಾರೆ.

ಮಾರಿದ ಮನೆಯೇನೂ ಆವಿಯಾಗುವುದಿಲ್ಲ. ಬಾಡಿಗೆಯಲ್ಲಿದ್ದ ಕುಟುಂಬವೊಂದು ಅದನ್ನು ಕೊಂಡರೆ ಬಾಡಿಗೆ ಮನೆಯೂ ಒಂದು ಕಮ್ಮಿ, ಬಾಡಿಗೆದಾರರೂ ಒಬ್ಬರು ಕಮ್ಮಿ. ಇಲ್ಲೊಂದು ತೊಡಕು ಇರುವುದು ನಿಜ. ನಾಲ್ಕು ಜನ ಹಂಚಿಕೊಂಡಿದ್ದ ಮನೆಗೆ ಗಂಡ ಹೆಂಡತಿ ಇಬ್ಬರೇ ಬಂದರೆ ಉಳಿದವರು ಬೇರೆ ಸೂರು ಹುಡುಕಬೇಕು. ಅದನ್ನು ನಾನು ತಳ್ಳಿಹಾಕುವುದಿಲ್ಲ.

ಹೊಸ ಕಾಯ್ದೆ ಮಾಲೀಕರ ಕೈಯನ್ನು ಪೂರ್ತಿ ಕಟ್ಟಿಹಾಕಿಯೂ ಇಲ್ಲ. ಬಾಡಿಗೆಯ ಮೊದಲ ವರ್ಷ ಕಳೆದ ಮೇಲೆ, ಮಾರುವುದಿದ್ದರೆ 4 ತಿಂಗಳ ನೋಟಿಸ್ ಕೊಟ್ಟು ಮನೆ ಬಿಡಿಸಿಕೊಳ್ಳಬಹುದು. ಆದರೆ ಹಾಗೆ ಬಿಡಿಸಿದ ಮನೆಯನ್ನು 12 ತಿಂಗಳು ಮತ್ತೆ ಬಾಡಿಗೆಗೆ ಕೊಡುವ ಹಾಗಿಲ್ಲ. ನಿಜವಾಗಿ ಹೊರಟವರು ಯಾರು, ಸುಮ್ನೆ ಹೆದರಿಸಿದವರು ಯಾರು ಅನ್ನುವುದು ಆ ಒಂದು ವರ್ಷದಲ್ಲಿ ಗೊತ್ತಾಗುತ್ತದೆ.