33.7 ತಗೊಂಡವರಿಗೆ ಫಸ್ಟ್ ರ‍್ಯಾಂಕ್

ನಾವು ಎಸ್‌ಎಸ್‌ಎಲ್‌ಸಿ ಬರೆಯುವಾಗ ಪಾಸಾಗೋಕೆ 35 ಬೇಕಿತ್ತು. 2024ರ ಜುಲೈ 4ರಂದು ಬ್ರಿಟನ್ನಿನ ಲೇಬರ್ ಪಕ್ಷ ನೂರಕ್ಕೆ 33.7 ಮತ ತಗೊಂಡು, 650 ಸೀಟುಗಳಲ್ಲಿ 411 ಬಾಚಿಕೊಂಡಿತು. ಎಲ್ಲರೂ ಭರ್ಜರಿ ಗೆಲುವು ಅಂದರು. ಸೀಟು ನೋಡಿದರೆ ಹೌದು. ಮತ ನೋಡಿದರೆ, 2019ರಲ್ಲಿ ಮಕಾಡೆ ಮಲಗಿದಾಗಲೇ ಈ ಪಕ್ಷಕ್ಕೆ ಇದಕ್ಕಿಂತ ಜಾಸ್ತಿ ಬಿದ್ದಿತ್ತು! ಆಗ ಒಂದು ಕೋಟಿ ಎರಡು ಲಕ್ಷ ಚಿಲ್ಲರೆ ಮತ, 202 ಸೀಟು. ಈಗ 97 ಲಕ್ಷ ಮತ, 411 ಸೀಟು. ಐದು ಲಕ್ಷಕ್ಕೂ ಹೆಚ್ಚು ಮತ ಕಳಕೊಂಡು ಸೀಟು ಡಬಲ್ ಮಾಡಿಕೊಳ್ಳೋ ವ್ಯಾಪಾರ ಬೇರೆ ಎಲ್ಲಿದೆ ಹೇಳಿ. ಮತಗಟ್ಟೆಗೆ ಹೋದವರೇ ನೂರಕ್ಕೆ 60 ಜನ ಅನ್ನೋದು ಬೇರೆ ಮಾತು.

ಗುಟ್ಟೇನೂ ಇಲ್ಲ. ಇಬ್ಬರ ಜಗಳ ಮೂರನೆಯವನಿಗೆ ಲಾಭ, ಅಷ್ಟೇ. ಬಲಪಂಥದ ಮತಗಳನ್ನು ಕನ್ಸರ್ವೇಟಿವ್ ಪಕ್ಷ ಮತ್ತು ನೈಜೆಲ್ ಫರಾಜ್ ಅವರ ರಿಫಾರ್ಮ್ ಪಕ್ಷ ಹಂಚಿಕೊಂಡವು. ರಿಫಾರ್ಮ್‌ಗೆ 41 ಲಕ್ಷ ಮತ ಬಿತ್ತು. ಸೀಟು ಎಷ್ಟು? ಐದು. ಲಿಬರಲ್ ಡೆಮಾಕ್ರಾಟರಿಗೆ ಅದಕ್ಕಿಂತ ಕಡಿಮೆ, 35 ಲಕ್ಷ. ಸೀಟು 72. ರಿಫಾರ್ಮ್‌ನ ಮತ ದೇಶದ ತುಂಬಾ ಚೆಲ್ಲಿಹೋಗಿತ್ತು, ಲಿಬ್ ಡೆಮ್ ಮತ ಬೇಕಾದ ಕಡೆ ಗುಡ್ಡೆ ಬಿದ್ದಿತ್ತು. ಅಲ್ಲಿ ಎಷ್ಟು ಜನ ಮೆಚ್ಚಿದರು ಅನ್ನೋದಕ್ಕಿಂತ ಆ ಜನ ಎಲ್ಲಿ ಮನೆ ಮಾಡಿದ್ದಾರೆ ಅನ್ನೋದೇ ಮುಖ್ಯ.

ಸೌತ್ ವೆಸ್ಟ್ ನಾರ್ಫೋಕ್ ಕ್ಷೇತ್ರವನ್ನೇ ನೋಡಿ. 49 ದಿನ ಪ್ರಧಾನಿಯಾಗಿದ್ದ ಲಿಜ್ ಟ್ರಸ್ ಅವರ ಕ್ಷೇತ್ರ. 2019ರಲ್ಲಿ ಅವರು 26 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದಿದ್ದರು. 2024ರಲ್ಲಿ ಅವರಿಗೆ 11,217 ಮತ. ರಿಫಾರ್ಮ್ ಅಭ್ಯರ್ಥಿಗೆ 9,958. ಒಂದು ಕಾಲದಲ್ಲಿ ಕನ್ಸರ್ವೇಟಿವ್ ಪಕ್ಷದಲ್ಲೇ ಇದ್ದು, ಟ್ರಸ್ ಮೇಲೆ ಮುನಿದು ಸ್ವತಂತ್ರರಾಗಿ ನಿಂತವರಿಗೆ ಆರು ಸಾವಿರ ಚಿಲ್ಲರೆ. ಇವರೆಲ್ಲ ಒಬ್ಬರ ಕಾಲು ಒಬ್ಬರು ಎಳೆಯುತ್ತಿರುವಾಗ ಲೇಬರ್ ಪಕ್ಷದ ಟೆರಿ ಜೆರ್ಮಿ 11,847 ಮತ ಹಿಡಕೊಂಡು ಸದ್ದಿಲ್ಲದೆ ಪಾರ್ಲಿಮೆಂಟಿಗೆ ಹೊರಟರು. ನೂರಕ್ಕೆ 26.7. ಅಂದರೆ ವೋಟು ಹಾಕಿದ ನೂರರಲ್ಲಿ 73 ಜನ ಇವರು ಬೇಡ ಅಂದರು, ಇವರೇ ಬಂದರು. ಟ್ರಸ್ ಸೋತದ್ದಕ್ಕೆ ಕಣ್ಣೀರು ಹಾಕಿದವರು ಕಡಿಮೆ, ಹಾಗಾಗಿ ಈ ಲೆಕ್ಕ ಯಾರೂ ಕೇಳಲಿಲ್ಲ.

ಇದು ಹೊಸ ರೋಗವೂ ಅಲ್ಲ. 1951ರಲ್ಲಿ ಲೇಬರ್‌ಗೆ ಎರಡು ಲಕ್ಷಕ್ಕೂ ಹೆಚ್ಚು ಮತ ಜಾಸ್ತಿ ಬಂತು, ಕನ್ಸರ್ವೇಟಿವ್ ಪಕ್ಷದ ಚರ್ಚಿಲ್ ಪ್ರಧಾನಿಯಾದರು. 1974ರ ಫೆಬ್ರವರಿಯಲ್ಲಿ ಕನ್ಸರ್ವೇಟಿವ್ ಪಕ್ಷಕ್ಕೆ ಎರಡು ಲಕ್ಷಕ್ಕೂ ಹೆಚ್ಚು ಮತ ಜಾಸ್ತಿ ಬಂತು, ಲೇಬರ್‌ನ ಹೆರಾಲ್ಡ್ ವಿಲ್ಸನ್ ಪ್ರಧಾನಿಯಾದರು. 23 ವರ್ಷ ಕಾದು ಅಸಲು ತೀರಿಸಿದರು, ಬಡ್ಡಿ ಇಲ್ಲ. ನಗಬೇಡಿ, ಅವರು ಬಿಟ್ಟುಹೋದ ಪದ್ಧತಿಯೇ ನಮ್ಮಲ್ಲೂ ಇರೋದು. 2018ರಲ್ಲಿ ಕರ್ನಾಟಕದಲ್ಲಿ ಕಾಂಗ್ರೆಸ್‌ಗೆ ನೂರಕ್ಕೆ 38 ಮತ ಬಂತು, 36ರ ಬಿಜೆಪಿ 104 ಸೀಟು ಗೆದ್ದು ದೊಡ್ಡ ಪಕ್ಷವಾಯಿತು.

ಹಾಗಾದರೆ ಬದಲಾಯಿಸಬಹುದಲ್ವಾ? ಬದಲಾಯಿಸುತ್ತೇವೆ ಅಂತ ಸೋತವರು ಯಾವಾಗಲೂ ಹೇಳುತ್ತಾರೆ. ಗೆದ್ದ ಮರುದಿನವೇ ಪದ್ಧತಿ ಬಂಗಾರವಾಗಿ ಕಾಣುತ್ತದೆ. 1997ರಲ್ಲಿ ಲೇಬರ್ ಪಕ್ಷ ಪ್ರಣಾಳಿಕೆಯಲ್ಲೇ ಬರೆದಿತ್ತು, ಈ ಬಗ್ಗೆ ಜನಮತ ಕೇಳುತ್ತೇವೆ ಅಂತ. ಆ ಸಲ 418 ಸೀಟು ಬಂತು. ರಾಯ್ ಜೆಂಕಿನ್ಸ್ ಅವರ ಆಯೋಗ 1998ರಲ್ಲಿ ವರದಿ ಕೊಟ್ಟಿತು. ವರದಿ ಕಪಾಟು ಸೇರಿತು. 2022ರ ಪಕ್ಷದ ಸಮ್ಮೇಳನದಲ್ಲಿ ಅನುಪಾತದ ಪದ್ಧತಿ, ಅಂದರೆ ಮತಕ್ಕೆ ತಕ್ಕಷ್ಟು ಸೀಟು, ಬೇಕು ಅಂತ ಕಾರ್ಯಕರ್ತರು ಕೈ ಎತ್ತಿದರು. ನಾಯಕರು ಆ ಕೈಗಳನ್ನು ನೋಡಿಯೂ ನೋಡದಂತೆ ಇದ್ದರು. 411 ಬಂದ ಮೇಲಂತೂ ಕೇಳೋದೇ ಬೇಡ.

ಜನರನ್ನು ಕೇಳಿದ್ದು ಒಂದೇ ಸಲ, 2011ರ ಮೇ 5ರಂದು. ಅಭ್ಯರ್ಥಿಗಳಿಗೆ 1, 2, 3 ಅಂತ ನಂಬರು ಹಾಕಿ, ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬರದಿದ್ದರೆ ಕೊನೆಯವನನ್ನು ತೆಗೆದು ಮತ್ತೆ ಎಣಿಸೋಣ ಅನ್ನೋ ಪ್ರಸ್ತಾಪ. ವಿರೋಧಿಗಳು ಆಸ್ಪತ್ರೆಯ ಪುಟ್ಟ ಮಗುವಿನ ಫೋಟೋ ಹಾಕಿ, ಇವಳಿಗೆ ಬೇಕಿರೋದು ಹೆರಿಗೆ ವಾರ್ಡು, ಹೊಸ ವೋಟಿಂಗ್ ಪದ್ಧತಿ ಅಲ್ಲ ಅನ್ನೋ ಅರ್ಥದ ಪೋಸ್ಟರ್ ಹಚ್ಚಿದರು. ತುಂಬಾ ಖರ್ಚು, ತುಂಬಾ ಗೋಜಲು, ಜನಕ್ಕೆ ಅರ್ಥ ಆಗಲ್ಲ ಅಂದರು. ಜನ ನೂರಕ್ಕೆ 68ರಷ್ಟು ಬೇಡ ಅಂದರು.

ಬೇಡ ಅನ್ನಿ ಅಂತ ಊರೆಲ್ಲ ಹೇಳಿಕೊಂಡು ಓಡಾಡಿದವರಲ್ಲಿ ಪ್ರಧಾನಿ ಡೇವಿಡ್ ಕ್ಯಾಮರಾನ್ ಮೊದಲಿಗರು. ಈ ಮನುಷ್ಯ 2005ರಲ್ಲಿ ಕನ್ಸರ್ವೇಟಿವ್ ಪಕ್ಷದ ನಾಯಕರಾದದ್ದು ಹೇಗೆ? ಸಂಸದರ ಮೊದಲ ಸುತ್ತಿನಲ್ಲಿ ಡೇವಿಡ್ ಡೇವಿಸ್‌ಗೆ 62 ಮತ, ಕ್ಯಾಮರಾನ್‌ಗೆ 56. ಎಣಿಕೆ ಅಲ್ಲಿಗೇ ನಿಂತಿದ್ದರೆ ಕ್ಯಾಮರಾನ್ ಕಥೆ ಮುಗೀತಿತ್ತು. ಕೊನೆಯವರನ್ನು ತೆಗೆದು ಮತ್ತೆ ಮತ್ತೆ ವೋಟು ಹಾಕಿದ್ದರಿಂದ ಅವರು ಮೇಲೆ ಬಂದರು. ಹತ್ತಿದ ಏಣಿಯನ್ನು ಒದ್ದರು ಅನ್ನೋದು ಇದಕ್ಕೇ.

ಒಬ್ಬರನ್ನೇ ಬೈದು ಏನು ಪ್ರಯೋಜನ. ಲೇಬರ್ ತನ್ನ ನಾಯಕನನ್ನು ಆರಿಸೋದು ನಂಬರು ಹಾಕಿಯೇ. ಸರ್ಕಾರದ ಕೆಲಸ ಪರಿಶೀಲಿಸುವ ಪಾರ್ಲಿಮೆಂಟಿನ ಸಮಿತಿಗಳ ಅಧ್ಯಕ್ಷರಿಗೆ ಸಂಸದರು ವೋಟು ಹಾಕೋದೂ ನಂಬರು ಹಾಕಿಯೇ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ.

ಇನ್ನು ಮೇಲ್ಮನೆ. ಅಲ್ಲಿ ವಂಶಪಾರಂಪರ್ಯದ ಲಾರ್ಡ್ ಒಬ್ಬರು ತೀರಿಕೊಂಡು 2016ರಲ್ಲಿ ಉಪಚುನಾವಣೆ ಬಂತು. ಏಳು ಅಭ್ಯರ್ಥಿಗಳು. ಮತದಾರರು, ಅಂದರೆ ಮೇಲ್ಮನೆಯಲ್ಲಿದ್ದ ಅದೇ ಪಕ್ಷದ ವಂಶಪಾರಂಪರ್ಯದ ಲಾರ್ಡ್‌ಗಳು, ಎಷ್ಟು ಜನ? ಮೂರು. ಹೌದು, ಮೂರೇ. ಬ್ರಿಟಿಷ್ ಪ್ರಜೆಗಳಿಗೆ ಅರ್ಥ ಆಗದ ಅದೇ ನಂಬರು ಹಾಕುವ ಪದ್ಧತಿ. ಗೆದ್ದವರು ವೈಕೌಂಟ್ ಥರ್ಸೊ. ಹಿಂದಿನ ವರ್ಷವಷ್ಟೇ ಸಾಮಾನ್ಯ ಜನರ ವೋಟಿನಲ್ಲಿ ಸೋತು ಕೆಳಮನೆಯಿಂದ ಹೊರಬಿದ್ದಿದ್ದವರು. ಮೂರಕ್ಕೆ ಮೂರೂ ಮತ ಅವರಿಗೇ ಬಿತ್ತು, ಎರಡನೇ ಸುತ್ತು ಎಣಿಸೋ ಪ್ರಸಂಗವೇ ಬರಲಿಲ್ಲ. ಖರ್ಚು ಜಾಸ್ತಿ ಆಯಿತು, ಲೆಕ್ಕ ಗೋಜಲಾಯಿತು ಅಂತ ಆ ಮೂವರಲ್ಲಿ ಯಾರೂ ಪೋಸ್ಟರ್ ಹಚ್ಚಲಿಲ್ಲ.