ಒಂದು ಮೀಟಿಂಗ್ ನೋಡಿ ಎಎ ಕೈಬಿಡಬೇಡಿ

"ಒಂದ್ಸಲ ಹೋಗಿದ್ದೆ, ನಂಗೆ ಸರಿಹೋಗ್ಲಿಲ್ಲ." ಕುಡಿತ ಬಿಡಬೇಕೆಂದು ಮನಸ್ಸು ಮಾಡಿದ ಎಷ್ಟೋ ಜನ ಕುಡಿತದ ಸಮಸ್ಯೆ ಇರುವವರೇ ಸೇರಿ ಒಬ್ಬರಿಗೊಬ್ಬರು ನೆರವಾಗುವ ಕೂಟವಾದ ಆಲ್ಕೊಹಾಲಿಕ್ಸ್ ಅನಾನಿಮಸ್ (ಎಎ) ಬಗ್ಗೆ ಇಷ್ಟು ಹೇಳಿ ಮಾತು ಮುಗಿಸಿಬಿಡುತ್ತಾರೆ. ಯಾವ ಗುಂಪು, ಯಾವ ಭಾಷೆ, ಎಷ್ಟು ಹೊತ್ತಿನ ಮೀಟಿಂಗ್ ಎಂದು ವಿಚಾರಿಸಿದರೆ ವಿಷಯ ತಿಳಿಯುತ್ತದೆ. 1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಶುರುವಾದ ಎಎಯಲ್ಲಿ ಪ್ರತಿಯೊಂದು ಗುಂಪೂ ಸ್ವತಂತ್ರ. ಕುಡಿತದಿಂದ ಹೊರಬರಲು ಎಎ ಹಾಕಿಕೊಟ್ಟ ಹನ್ನೆರಡು ಹೆಜ್ಜೆಗಳು ಎಲ್ಲ ಕಡೆ ಒಂದೇ ಆದರೂ ನಡೆಸುವ ರೀತಿ, ಬರುವ ಜನ, ಮಾತಿನ ಧಾಟಿ ಬೀದಿಯಿಂದ ಬೀದಿಗೆ ಬೇರೆ. ಕನಿಷ್ಠ ಮೂರು ಗುಂಪುಗಳಿಗೆ ಎರಡೆರಡು ಸಲ ಹೋಗದೆ ತೀರ್ಮಾನ ಮಾಡಬೇಡಿ ಎಂಬುದು ನನ್ನ ಕಳಕಳಿಯ ಮನವಿ.

ಅದಕ್ಕೂ ಮೊದಲು ಒಂದು ಎಚ್ಚರಿಕೆ. ಬೆಳಿಗ್ಗೆ ಎದ್ದ ಕೂಡಲೇ ಕೈ ನಡುಗುತ್ತಿದ್ದರೆ, ನಡುಕ ನಿಲ್ಲಿಸಲು ಒಂದು ಪೆಗ್ ಬೇಕೇ ಬೇಕು ಎನ್ನುವ ಹಂತಕ್ಕೆ ಬಂದಿದ್ದರೆ, ಏಕಾಏಕಿ ನಿಲ್ಲಿಸಿ ನೇರವಾಗಿ ಮೀಟಿಂಗ್‌ಗೆ ಹೋಗಬೇಡಿ. ನಿಲ್ಲಿಸಿದ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಸನ್ನಿ ಹಿಡಿದು ಇಲ್ಲದ್ದು ಕಾಣಿಸಬಹುದು, ಜೀವಕ್ಕೇ ಅಪಾಯವಾಗಬಹುದು. ಮೊದಲು ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗವನ್ನೋ ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನೋ ಕಾಣಿ. ಎಲ್ಲಿಗೆ ಹೋಗಬೇಕೆಂದು ತೋಚದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ಗುಂಪು ಆರಿಸುವ ವಿಷಯ. ನನ್ನ ಮಟ್ಟಿಗೆ ಭಾಷೆಯೇ ಮೊದಲು. ಬೆಂಗಳೂರಿನಲ್ಲಿ ಕನ್ನಡ, ತಮಿಳು, ಇಂಗ್ಲಿಷ್ ಗುಂಪುಗಳಿವೆ. ಆಫೀಸಿನಲ್ಲಿ ದಿನವಿಡೀ ಇಂಗ್ಲಿಷ್ ಮಾತಾಡುವವರೂ ಹೆಂಡತಿಯ ತಾಳಿ ಅಡವಿಟ್ಟದ್ದನ್ನು ಬಾಯಿಬಿಟ್ಟು ಹೇಳುವುದು ಮನೆಮಾತಿನಲ್ಲಿ. ಅದನ್ನು ಹೇಳಲಾಗದ ಕೋಣೆಯಲ್ಲಿ ತಿಂಗಳುಗಟ್ಟಲೆ ತಲೆಯಾಡಿಸುತ್ತಾ ಕೂತು ಕೊನೆಗೆ ಬಿಟ್ಟುಬಿಡುತ್ತಾರೆ.

ಆಮೇಲೆ ಹೊತ್ತು. ಸಂಜೆ ಏಳಕ್ಕೆ ಕಾಲು ಬಾರಿನತ್ತ ತಿರುಗುತ್ತದೆ ಎಂದಾದರೆ ನಿಮಗೆ ಬೇಕಿರುವುದು ಏಳರ ಮೀಟಿಂಗ್. ಭಾನುವಾರ ಬೆಳಗಿನದ್ದನ್ನು ಹೆಚ್ಚುವರಿಯಾಗಿ ಇಟ್ಟುಕೊಳ್ಳಿ. ಹೋಗುವ ದಾರಿಯನ್ನೂ ನೋಡಿಕೊಳ್ಳಿ. ಪರಿಚಯದ ವೈನ್‌ಶಾಪ್ ದಾಟಿ ಬಸ್ ಹಿಡಿಯಬೇಕಾದರೆ ಮೊದಲ ತಿಂಗಳು ಸುತ್ತುಬಳಸಿಯಾದರೂ ಬೇರೆ ದಾರಿಯಲ್ಲೇ ಹೋಗಿ.

ಎಷ್ಟೋ ಮೀಟಿಂಗ್‌ಗಳು ಚರ್ಚ್ ಆವರಣದಲ್ಲಿ, ಇಲ್ಲವೇ ಶಾಲೆಯ ಕೋಣೆಯಲ್ಲಿ ನಡೆಯುತ್ತವೆ. ಅದನ್ನು ಕಂಡು "ಮತಾಂತರ ಮಾಡ್ತಾರೇನೋ" ಎಂದು ಗೇಟಿನಿಂದಲೇ ವಾಪಸ್ಸಾಗುವ ಕುಟುಂಬಗಳಿವೆ. ಜಾಗ ಮಾತ್ರ ಅವರದ್ದು. ಎಎ ಯಾವ ಧರ್ಮಕ್ಕೂ ಸೇರಿದ್ದಲ್ಲ, ದೇವರನ್ನು ಅವರವರು ಅರಿತಂತೆ ಎಂದು ಹೆಜ್ಜೆಗಳಲ್ಲೇ ಇದೆ. ಒಳಗೆ ಕಾಣುವುದು ಪ್ಲಾಸ್ಟಿಕ್ ಕುರ್ಚಿಗಳು, ಗೋಡೆಗೆ ತೂಗುಹಾಕಿದ ಹನ್ನೆರಡು ಹೆಜ್ಜೆಗಳ ಬ್ಯಾನರ್, ಮೂಲೆಯಲ್ಲಿ ಟೀ ಫ್ಲಾಸ್ಕ್. ಒಬ್ಬರು ಮಾತಾಡುವಾಗ ನಡುವೆ ಯಾರೂ ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಒಂದು, ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ. ಕೈಯಿಂದ ಕೈಗೆ ಒಂದು ಚೀಲ ಬರುತ್ತದೆ. ಬಾಡಿಗೆ, ಟೀ ಖರ್ಚು ಅದರಲ್ಲೇ ನಡೆಯಬೇಕು, ಹೊರಗಿನವರ ದೇಣಿಗೆ ಮುಟ್ಟುವಂತಿಲ್ಲ. ನೀವು ಹಾಕದೆ ಮುಂದಕ್ಕೆ ದಾಟಿಸಿದರೂ ಯಾರೂ ಕೇಳುವುದಿಲ್ಲ. ಫೀಸಿಲ್ಲ, ಆಧಾರ್ ಬೇಡ. ಕುಡಿತ ನಿಲ್ಲಿಸಬೇಕೆಂಬ ಆಸೆ ಇದ್ದರೆ ಸದಸ್ಯತ್ವಕ್ಕೆ ಅಷ್ಟು ಸಾಕು.

ಹೆಂಡತಿಯೋ ಅಣ್ಣನೋ ಜೊತೆಗೆ ಬರುವುದಾದರೆ ಯಾರು ಬೇಕಾದರೂ ಬರಬಹುದಾದ ಓಪನ್ ಮೀಟಿಂಗ್ ಯಾವಾಗ ಎಂದು ಫೋನಿನಲ್ಲಿ ಮೊದಲೇ ಕೇಳಿ. ಕ್ಲೋಸ್ಡ್ ಮೀಟಿಂಗ್‌ಗೆ ಕುಡಿತದ ಸಮಸ್ಯೆ ಇರುವವರಿಗೆ ಮಾತ್ರ ಪ್ರವೇಶ. ಮನೆಯವರಿಗೆ ಅಲ್-ಅನಾನ್ ಎಂಬ ಪ್ರತ್ಯೇಕ ಕೂಟವೇ ಇದೆ.

ಒಳ್ಳೆಯ ಗುಂಪನ್ನು ಗುರುತಿಸುವುದು ಹೇಗೆ? ಹತ್ತು ವರ್ಷದಿಂದ ಕುಡಿಯದೆ ಸೋಬರ್ ಇರುವವರೂ ಹತ್ತು ದಿನದವರೂ ಅಕ್ಕಪಕ್ಕ ಕೂತಿರಬೇಕು. ಎಲ್ಲರೂ ಹೊಸಬರೇ ಆದರೆ ಒಬ್ಬರು ಜಾರಿದಾಗ ಹಿಡಿಯಲು ಯಾರೂ ಇರುವುದಿಲ್ಲ. ಹಳೆಯ ಕುಡಿತದ ಕತೆ ಮಾತ್ರವಲ್ಲದೆ ಇವತ್ತಿನ ಸಂಜೆ ಹೇಗೆ ದಾಟಿದೆವೆಂಬ ಮಾತೂ ಬರಬೇಕು. ಮೀಟಿಂಗ್ ಮುಗಿದ ಮೇಲೆ ಯಾರಾದರೂ ಹತ್ತಿರ ಬಂದು ನಂಬರ್ ಕೊಡುತ್ತಾರಾ ನೋಡಿ. ಅದಕ್ಕಾಗಿಯೇ ಹದಿನೈದು ನಿಮಿಷ ಮೊದಲು ಹೋಗಿ, ಮುಗಿದ ಮೇಲೂ ಹದಿನೈದು ನಿಮಿಷ ನಿಲ್ಲಿ.

ಮನೋವೈದ್ಯರು ಕೊಟ್ಟ ಮಾತ್ರೆ ಬಿಡಿ ಎನ್ನುವವರು, ಸಾಲ ಕೇಳುವವರು, ಯಾವುದೋ ರಿಹ್ಯಾಬ್‌ಗೆ ಸೇರಿಸಲು ಒತ್ತಾಯಿಸುವವರು, ಹೊಸದಾಗಿ ಬಂದ ಹೆಣ್ಣುಮಗಳ ಬೆನ್ನು ಹತ್ತುವವರು ಇದ್ದರೆ ಆ ಗುಂಪು ಬಿಟ್ಟು ಇನ್ನೊಂದಕ್ಕೆ ಹೋಗಿ. ಡಾಕ್ಟರಾಗುವ ಅಧಿಕಾರ ಎಎ ಯಾವ ಸದಸ್ಯರಿಗೂ ಕೊಟ್ಟಿಲ್ಲ. ಹೆಂಗಸರು ಸ್ಪಾನ್ಸರ್ ಆಗಿ, ಎಂದರೆ ಕೈಹಿಡಿದು ನಡೆಸುವ ಹಳೆಯ ಸದಸ್ಯರಾಗಿ, ಹೆಂಗಸರನ್ನೇ ಆರಿಸಿಕೊಳ್ಳುವುದು ಒಳ್ಳೆಯದು.

ಡಾಕ್ಟರುಗಳಿಗೂ ಒಂದು ಮಾತು. ವೈದ್ಯಕೀಯ ಸಂಶೋಧನೆಗಳನ್ನು ಒಟ್ಟುಗೂಡಿಸಿ ಅಳೆಯುವ ಕಾಕ್ರೇನ್ ಸಂಸ್ಥೆಯ 2020ರ ವಿಮರ್ಶೆ 27 ಅಧ್ಯಯನಗಳನ್ನು, ಹತ್ತು ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯನ್ನು ನೋಡಿತ್ತು. ಪೂರ್ತಿ ಕುಡಿತ ಬಿಟ್ಟಿರುವ ವಿಷಯದಲ್ಲಿ ಎಎಗೆ ಕ್ರಮವಾಗಿ ಜೋಡಿಸುವ ಚಿಕಿತ್ಸೆ ಇತರ ಚಿಕಿತ್ಸೆಗಳಿಗಿಂತ ಒಳ್ಳೆಯ ಫಲ ಕೊಟ್ಟಿತ್ತು. ವಿಳಾಸದ ಚೀಟಿ ಕೈಗಿಟ್ಟು ಕಳಿಸಿದರೆ ಜೋಡಿಸಿದಂತಾಗುವುದಿಲ್ಲ. ರೋಗಿಯ ಎದುರಲ್ಲೇ ಒಬ್ಬ ಸದಸ್ಯರಿಗೆ ಫೋನ್ ಹಚ್ಚಿ ಕೊಡಿ.

ಹಳ್ಳಿಯಲ್ಲಿರುವವರಿಗೆ ಆನ್‌ಲೈನ್ ಮೀಟಿಂಗ್ ಇದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರ ಎಂಟು ದಿನಗಳ ಮದ್ಯವರ್ಜನ ಶಿಬಿರ ಮುಗಿಸಿದವರಿಗೆ, ಕುಡಿತ ಬಿಟ್ಟವರೇ ಸೇರುವ ನವಜೀವನ ಸಮಿತಿಗಳಿವೆ. ದಾರಿ ಬೇರೆಯಾದರೂ ವಾರಕ್ಕೊಮ್ಮೆ ಯಾರೊಂದಿಗೆ ಕೂರುತ್ತೀರಿ ಎಂಬ ಪ್ರಶ್ನೆ ಅಲ್ಲೂ ಅಷ್ಟೇ ಮುಖ್ಯ.

ನಡುವೆ ಸ್ಲಿಪ್ ಆಗಿ ಮತ್ತೆ ಕುಡಿದರೆ ನಾಚಿಕೆಯಿಂದ ಗುಂಪು ಬದಲಿಸಬೇಡಿ. ಅದೇ ಕೋಣೆಗೆ, ಅದೇ ಕುರ್ಚಿಗೆ ವಾಪಸ್ ಹೋಗಿ. ದಿನದ ಲೆಕ್ಕ ಒಂದರಿಂದ ಶುರುವಾಗುತ್ತದೆ. ಅವತ್ತು ಕುಡಿದೇ ಬಂದಿದ್ದರೂ, ಗಲಾಟೆ ಮಾಡದೆ ಸುಮ್ಮನೆ ಕೂತು ಕೇಳುವವರನ್ನು ಒಳ್ಳೆಯ ಗುಂಪು ಹೊರಗೆ ಕಳಿಸುವುದಿಲ್ಲ.