ವೈರ್ ಕಡಿದಿದೆಯಂತೆ

ಖಾನಾಪುರ ದಾಟಿ ಹೆಮ್ಮಡಗಾ ರಸ್ತೆ ಹಿಡಿದರೆ ಮೊಬೈಲಿನ ಕಡ್ಡಿಗಳು ಒಂದೊಂದಾಗಿ ಇಳಿಯುತ್ತಾ ಹೋಗುತ್ತವೆ. ಕಾಡು ದಟ್ಟವಾಗುವ ಹೊತ್ತಿಗೆ ಕೈಯಲ್ಲಿರುವುದು ಬರೀ ಟಾರ್ಚು. ಸುತ್ತಲೂ ಭೀಮಗಡ ಅಭಯಾರಣ್ಯ, 2011ರಲ್ಲಿ ಘೋಷಣೆಯಾದದ್ದು, ಸುಮಾರು 190 ಚದರ ಕಿಲೋಮೀಟರ್. ಗುಡ್ಡ ಸಿಗ್ನಲ್ಲಿಗೆ ಅಡ್ಡ ನಿಲ್ಲುತ್ತದೆ, ಟವರ್ ಹಾಕಬೇಕೆಂದರೆ ಅರಣ್ಯ ಇಲಾಖೆ ಒಪ್ಪಬೇಕು, ಒಪ್ಪಿದರೂ ನಾಲ್ಕು ಮನೆಯ ಊರಿನಲ್ಲಿ ಯಾವ ಕಂಪನಿಗೆ ಲಾಭ ಹುಟ್ಟಬೇಕು? ಇದೇ ಕಾಡಿನ ಬಾರಾಪೇಡೆ ಗುಹೆಗಳಲ್ಲಿ ಅಪರೂಪದ ಬಾವಲಿಗಳಿವೆ. ಅವು ತಾವೇ ಸದ್ದು ಮಾಡಿ, ಅದರ ಮಾರ್ದನಿ ಕೇಳಿ ಕತ್ತಲಲ್ಲಿ ದಾರಿ ಹುಡುಕುತ್ತವೆ. ಈ ಭಾಗದಲ್ಲಿ ನೆಟ್‌ವರ್ಕ್ ಚೆನ್ನಾಗಿರುವುದು ಅವಕ್ಕೆ ಮಾತ್ರ.

ನಾವು ಅಲ್ಲಿಗೆ ಹೋಗಿದ್ದೂ ನೆಟ್‌ವರ್ಕ್ ಇಲ್ಲದ ಕಾರಣಕ್ಕೇ. ಕಾಕಾನ ಮಗಳ ಮದುವೆ. ಬೆಳಗಾವಿಯ ಎಲ್ಲರಿಗೂ ವಾಟ್ಸಾಪ್‌ನಲ್ಲೇ ಪತ್ರಿಕೆ ಹೋಯಿತು, ಆದರೆ ಕಾಕಾನ ಹೆಂಡತಿ, ನಮ್ಮ ಕಾಕೂನ ದೊಡ್ಡವ್ವ ಇರುವುದು ಈ ಕಾಡಿನಾಚೆ. ಅವಳಿಗೆ ಕೈಯಾರೆ ಕೊಡಬೇಕು, ಅರಿಶಿನ ಕುಂಕುಮ ಹಚ್ಚಿದ ಪತ್ರಿಕೆಯೇ ಆಗಬೇಕು. ಶ್ರಾವಣದ ಮಳೆಯಲ್ಲಿ ನನ್ನ ಬೈಕು, ಹಿಂದೆ ಕಾಕಾ, ಕಾಕಾನ ತೊಡೆಯ ಮೇಲೆ ಪ್ಲಾಸ್ಟಿಕ್ ಚೀಲ.

ಒಂದು ಏರಿನಲ್ಲಿ ಟಕ್ ಎಂದಿತು. ಕ್ಲಚ್ ವೈರ್.

ಕ್ಲಚ್ ಇಲ್ಲದೆಯೂ ಓಡಿಸಬಹುದು ಅಂತ ಹೇಳುವವರು ಇರುತ್ತಾರೆ, ಗೊತ್ತು. ಗೇರಿಗೆ ಹಾಕಿ, ತಳ್ಳಿ, ಓಡಿ ಹತ್ತಬೇಕು. ಏರಿನಲ್ಲಿ, ಕೆಸರಿನಲ್ಲಿ, ಕಾಕಾನಂಥ ಮೈಕಟ್ಟಿನವರನ್ನು ಕರೆದುಕೊಂಡು ಅವರೂ ಒಮ್ಮೆ ಮಾಡಿ ನೋಡಲಿ.

ಕಾಕಾ ಮೊದಲು ಮಾಡಿದ ಕೆಲಸ ಅಂದರೆ ಫೋನ್ ತೆಗೆದು ಆಕಾಶಕ್ಕೆ ಹಿಡಿದದ್ದು. ಮೋರಿಕಟ್ಟೆ ಹತ್ತಿದರು, ಪೂರ್ವಕ್ಕೆ ತಿರುಗಿದರು, ಪಶ್ಚಿಮಕ್ಕೆ ತಿರುಗಿದರು, ಫೋನ್ ಆಫ್ ಮಾಡಿ ಆನ್ ಮಾಡಿದರು. ಪರದೆಯ ಮೇಲೆ 'ಎಮರ್ಜೆನ್ಸಿ ಕಾಲ್ಸ್ ಓನ್ಲಿ' ಅಂತ ಬಂದರೆ ಬೇರೆ ಕಂಪನಿಯ ಟವರ್ ಸಿಗುತ್ತಿದೆ ಅಂತ ಅರ್ಥ, ಆಗ ನಮ್ಮ ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೂ 112 ಹತ್ತುತ್ತದೆ. ನಮಗೆ ಬಂದದ್ದು 'ನೋ ಸರ್ವಿಸ್'. ಅಂದರೆ ಯಾರದೂ ಇಲ್ಲ. ನಾನು ಮ್ಯಾಪ್ ತೆಗೆದೆ. ಜಿಪಿಎಸ್ ಉಪಗ್ರಹದಿಂದ ಬರುವುದು, ಅದಕ್ಕೆ ಟವರ್ ಬೇಡ. ನೀಲಿ ಚುಕ್ಕೆ ನಾವಿದ್ದ ಜಾಗವನ್ನು ಖಚಿತವಾಗಿ ತೋರಿಸಿತು. ಮ್ಯಾಪ್ ಮೊದಲೇ ಇಳಿಸಿಕೊಂಡಿರಲಿಲ್ಲವಾದ್ದರಿಂದ ಸುತ್ತ ಬರೀ ಬೂದು ಬಣ್ಣ.

"ಅಂದ್ರ ನಾವು ಎಲ್ಲೂ ಇಲ್ಲ ಅಂತಲೋ?" ಅಂದರು ಕಾಕಾ.

ಕಡೆಗೆ ಹಾಲಿನ ಕ್ಯಾನ್ ಕಟ್ಟಿಕೊಂಡ ಒಬ್ಬ ಹುಡುಗ ಖಾನಾಪುರದ ಕಡೆ ಹೊರಟವನು ಸಿಕ್ಕ. ಈ ಕಡೆ ಯಾರೂ ಸುಮ್ನೆ ಸಹಾಯ ಮಾಡುವುದಿಲ್ಲ. ಯಾವೂರು, ಯಾರ ಪೈಕಿ, ಯಾರ ಮನೆಗೆ ಹೊಂಟೀರಿ, ಹುಡುಗ ಏನು ಕೆಲಸ ಮಾಡ್ತಾನ, ಇಷ್ಟೂ ಆಗಬೇಕು. ಅವನ ದೂರದ ಸಂಬಂಧಿಯೊಬ್ಬರು ದೊಡ್ಡವ್ವನ ಗದ್ದೆಯ ಪಕ್ಕದವರು ಎಂಬುದು ಪತ್ತೆಯಾದ ಮೇಲೆಯೇ ಬೈಕಿನ ವಿಷಯಕ್ಕೆ ಬಂದ. ಮೆಕ್ಯಾನಿಕ್‌ಗೆ ಹೇಳಪ್ಪಾ, ಕ್ಲಚ್ ವೈರ್ ಕಡಿದಿದೆ ಅಂತ, ಎಂದೆವು. "ಹೇಳ್ತೀನ್ರೀ" ಅಂದು ಹೋದ.

ಕಾಯುವುದರಲ್ಲಿ ಹೇಳುವಂಥದ್ದೇನೂ ಇಲ್ಲ. ಮಳೆ, ಜಿಗಣೆ. ಕಾಕಾನ ಮೀನಖಂಡದಿಂದ ರಕ್ತ ಸಣ್ಣಗೆ ಇಳಿಯುತ್ತಿತ್ತು, ಚಪ್ಪಲಿ ಬಿಚ್ಚಿ ಕಲ್ಲಿನ ಮೇಲೆ ಕೂತಿದ್ದರು. ಇದೇ ಕಾಡಿನ ಆಮಗಾಂವ್‌ನಂಥ ಊರಿನವರು ಮಳೆಗಾಲದಲ್ಲಿ ರೋಗಿಯನ್ನು ಹೊತ್ತುಕೊಂಡು ಮೈಲುಗಟ್ಟಲೆ ನಡೆದಿದ್ದಾರೆ ಎಂಬುದು ನೆನಪಾಗಿ, ಜಿಗಣೆಯ ಬಗ್ಗೆ ಗೊಣಗುವುದನ್ನು ಇಬ್ಬರೂ ಸ್ವಲ್ಪ ಹೊತ್ತು ನಿಲ್ಲಿಸಿದೆವು. ಸ್ವಲ್ಪ ಹೊತ್ತು ಅಷ್ಟೇ.

ಆಮೇಲೆ ಒಂದು ಬೈಕ್ ಬಂತು. ರೇನ್‌ಕೋಟ್ ಹಾಕಿದ ಮನುಷ್ಯ, ಹೆಗಲಲ್ಲಿ ಹಗ್ಗ, ಕೈಯಲ್ಲಿ ದೊಡ್ಡ ಇಕ್ಕಳ. ನಮ್ಮನ್ನು ನೋಡದೆ ಮೇಲೆ ಕಂಬಗಳನ್ನೇ ನೋಡುತ್ತಾ ಬಂದ.

"ಎಲ್ಲಿ ಕಡದೈತ್ರೀ ವೈರು? ಯಾರೂ ಮುಟ್ಟಿಲ್ಲ ಹೌದಿಲ್ಲೋ?"

"ನಾನ ಮುಟ್ಟಿ ನೋಡೇನ್ರೀ," ಅಂದರು ಕಾಕಾ, "ಎಲ್ಲಾ ಎಳಿ ಹೋಗ್ಯಾವು."

ಅವನು ಎರಡು ಹೆಜ್ಜೆ ಹಿಂದೆ ಸರಿದ. "ಮುಟ್ಟಿದ್ರೂ ಏನೂ ಆಗಿಲ್ಲ ನಿಮಗ?"

"ಕೈ ಕರ್ರಗ ಆಗೇತಿ ನೋಡ್ರಿಲ್ಲೆ," ಎಂದು ಗ್ರೀಸ್ ಹತ್ತಿದ ಅಂಗೈ ತೋರಿಸಿದರು.

ಲೈನ್‌ಮನ್! ನಮ್ಮ ಮಾತು ಚಹಾದಂಗಡಿ ತಲುಪುವಷ್ಟರಲ್ಲಿ ಅದರಿಂದ 'ಕ್ಲಚ್' ಉದುರಿ ಹೋಗಿ 'ವೈರ್' ಅಷ್ಟೇ ಉಳಿದಿತ್ತು. ವಿಷಯ ತಿಳಿದ ಮೇಲೆ ಅವನು ಬೈಯುತ್ತಾನೆ ಅಂದುಕೊಂಡೆ. ಇಲ್ಲ, ಬೈಕಿನ ಮುಂದೆ ಕುಕ್ಕರಗಾಲಲ್ಲಿ ಕೂತ. ವೈರ್ ಹ್ಯಾಂಡಲ್ ಹತ್ತಿರವೇ ಕಡಿದಿತ್ತು, ತುದಿಯ ಗುಂಡು ಕಳಚಿ ಲಿವರಿನಲ್ಲೇ ಉಳಿದಿತ್ತು. ಕೆಳಗಿನ ಅಡ್ಜಸ್ಟರ್ ಪೂರ್ತಿ ಸಡಿಲಿಸಿ, ಬೆರಳಗಲ ವೈರ್ ಮೇಲೆಳೆದುಕೊಂಡು, ಬಿಚ್ಚಿಕೊಂಡ ಎಳೆಗಳನ್ನು ಹೊಸೆದ. ಚೀಲದಿಂದ ವಿದ್ಯುತ್ ವೈರು ಜೋಡಿಸುವ ಸಣ್ಣ ಹಿತ್ತಾಳೆ ಕನೆಕ್ಟರ್ ತೆಗೆದು, ಅದರೊಳಗೆ ತೂರಿಸಿ ಸ್ಕ್ರೂ ಬಿಗಿ ಮಾಡಿದ. ಗುಂಡಿನ ಜಾಗಕ್ಕೆ ಕನೆಕ್ಟರ್! ಯಾವ ಶೋರೂಮಿನಲ್ಲೂ ಈ ಕೆಲಸ ನಾನು ನೋಡಿಲ್ಲ.

ಅಷ್ಟರಲ್ಲಿ ವಸ್ತಿ ಬಸ್ ಬಂತು. ಸಂಜೆ ಊರಿಗೆ ಹೋಗಿ, ರಾತ್ರಿ ಅಲ್ಲೇ ಇದ್ದು, ಬೆಳಿಗ್ಗೆ ವಾಪಸ್ ಬರುವ ಬಸ್ಸು. ಕಂಡಕ್ಟರ್ ಕಿಟಕಿಯಿಂದ ತಲೆ ಹಾಕಿ ಏನಾತು ಅಂತ ಕೇಳಿದ. ಲೈನ್‌ಮನ್ ಬಾಯಲ್ಲಿ ಸ್ಕ್ರೂಡ್ರೈವರ್ ಕಚ್ಚಿಕೊಂಡೇ "ವೈಯ್" ಅಂದ. ಬರುತ್ತೀರೇನು ಅಂದದ್ದಕ್ಕೆ ಕಾಕಾ ಕಲ್ಲಿನ ಮೇಲೆ ಕೂತಲ್ಲಿಂದಲೇ, ಬರಿಗಾಲಲ್ಲಿ, ಕರಿ ಅಂಗೈ ಎತ್ತಿ ಬೇಡ ಎಂದರು. ಬಸ್ಸಿನ ಅಷ್ಟೂ ಜನ ಹಿಂದಿನ ಗಾಜಿಗೆ ಮುಖ ಹಚ್ಚಿ ನಮ್ಮನ್ನೇ ನೋಡುತ್ತಾ ಹೋದರು.

ಲೈನ್‌ಮನ್ ದುಡ್ಡು ಮುಟ್ಟಲಿಲ್ಲ. ಕಾಕಾ ಒತ್ತಾಯ ಮಾಡಿ ಚೀಲದಲ್ಲಿದ್ದ ಇನ್ನೊಂದು ಪತ್ರಿಕೆ ಕೊಟ್ಟರು.

ದೊಡ್ಡವ್ವನ ಊರು ಮುಟ್ಟುವಾಗ ಕತ್ತಲಾಗಿತ್ತು. ಅಂಗಳದ ತುಂಬ ಕಂದೀಲು, ಜನ. ಹೆಂಗಸರು ಸೆರಗು ಬಾಯಿಗೆ ಹಿಡಿದು ಕೂತಿದ್ದರು. ಕಾಕಾ ಗಾಬರಿಯಾಗಿ ಬೈಕಿನಿಂದ ಇಳಿದು, ಚೀಲವನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು. ಸಾವಿನ ಮನೆಗೆ ಮದುವೆ ಪತ್ರಿಕೆ ಹೇಗೆ ಕೊಡುವುದು ಅಲ್ವಾ?

"ಯಾರು ಹೋದ್ರು ದೊಡ್ಡವ್ವಾ?"

ದೊಡ್ಡವ್ವ ಕಂದೀಲು ಎತ್ತಿ ಕಾಕಾನ ಮುಖಕ್ಕೆ ಹಿಡಿದು ನೋಡಿದಳು.

"ನೀವ ಅಲ್ಲೇನ್ರೀ, ಅಳಿಯಂದ್ರ?"